ಬದ್ರುದ್ದೀನ್ ತಯ್ಯಬ್ಜಿ: ವಕೀಲಿಕೆಯಿಂದ ನ್ಯಾಯಪೀಠದವರೆಗೆ

ವಕೀಲ ಎಂಬ ಶಬ್ದ ನಮ್ಮ ಮನೆಗಳಿಗೆ ಹೊಸತಲ್ಲ. ನಿಕಾಹ್‌ನಲ್ಲಿ ಹುಡುಗಿಯ ವಲಿಯು ಖತೀಬರಿಗೆ ವಕಾಲತ್ ಕೊಡುವುದುಂಟು. ನನ್ನ ಪರವಾಗಿ ಈ ಕೆಲಸ ನೀವು ಮಾಡಿ ಅಂತ ಒಪ್ಪಿಸುವುದೇ ವಕಾಲತ್. ಕೋರ್ಟಿನ ವಕಾಲತ್ತು ಕೂಡ ಅದೇ ಅರಬಿ ಶಬ್ದ. ದೀನಿನಲ್ಲಿ ಮಸ್‌ಅಲ ಹೇಳುವ ಮುಫ್ತಿ ಬೇರೆ, ತೀರ್ಪು ಕೊಡುವ ಖಾಝಿ ಬೇರೆ, ಪರವಾಗಿ ನಿಲ್ಲುವ ವಕೀಲ ಬೇರೆ. ಕೋರ್ಟಿನಲ್ಲಿಯೂ ಹೀಗೆಯೇ. ಎಲ್ಲರದ್ದೂ ಕಾನೂನಿನ ಕೆಲಸವಾದರೂ ಒಬ್ಬೊಬ್ಬರ ಹೊಣೆ ಒಂದೊಂದು. ಇದನ್ನು ತಿಳಿಯಲು ಜಸ್ಟಿಸ್ ಬದ್ರುದ್ದೀನ್ ತಯ್ಯಬ್ಜಿಯವರ ಜೀವನ ಒಳ್ಳೆಯ ಉದಾಹರಣೆ.

ಬದ್ರುದ್ದೀನ್ ಹುಟ್ಟಿದ್ದು 1844ರ ಅಕ್ಟೋಬರ್ 10ರಂದು, ಮುಂಬೈಯಲ್ಲಿ. ತಂದೆ ಮುಲ್ಲಾ ತಯ್ಯಬ್ ಅಲಿ ಸುಲೈಮಾನಿ ಬೋಹ್ರಾ ಪಂಗಡದ ವ್ಯಾಪಾರಿ. ಮಕ್ಕಳು ವ್ಯಾಪಾರ ಮಾತ್ರ ಕಲಿತರೆ ಸಾಲದು ಎಂದು ಗಂಡುಮಕ್ಕಳನ್ನು ಯುರೋಪಿಗೆ ಕಳುಹಿಸಿ ಓದಿಸಿದರು. ಬದ್ರುದ್ದೀನರ ಓದು ಶುರುವಾದದ್ದು ಮದ್ರಸದಲ್ಲಿ. ಅಲ್ಲಿ ಉರ್ದು, ಪಾರ್ಸಿ ಕಲಿತು ಆಮೇಲೆ ಎಲ್ಫಿನ್‌ಸ್ಟನ್ ಶಾಲೆಗೆ ಸೇರಿದರು. 1860ರಲ್ಲಿ, ಇನ್ನೂ ಹದಿನಾರು ತುಂಬದ ಪ್ರಾಯದಲ್ಲಿ, ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು.

ಅವರ ಅಣ್ಣ ಖಮರುದ್ದೀನ್ ಭಾರತೀಯರಲ್ಲಿ ಮೊದಲ ಸಾಲಿಸಿಟರ್ ಎಂದು ಹೆಸರಾದವರು. ತಮ್ಮ ಆರಿಸಿಕೊಂಡದ್ದು ಬ್ಯಾರಿಸ್ಟರ್ ಆಗುವುದನ್ನು. ಆಗಿನ ಮುಂಬೈ ಹೈಕೋರ್ಟಿನಲ್ಲಿ ಈ ಎರಡು ಕೆಲಸಗಳು ಬೇರೆ ಬೇರೆ ಇದ್ದವು. ಕಕ್ಷಿದಾರ ಮೊದಲು ಹೋಗುವುದು ಸಾಲಿಸಿಟರ್ ಹತ್ತಿರ. ದಾಖಲೆ ನೋಡುವುದು, ಕಾಗದಪತ್ರ ತಯಾರಿಸುವುದು, ನೋಟಿಸ್ ಕಳಿಸುವುದು ಎಲ್ಲ ಅವರದ್ದು. ಅವರು ಕೇಸಿನ ವಿವರ ಬರೆದು ಬ್ಯಾರಿಸ್ಟರಿಗೆ ಒಪ್ಪಿಸಬೇಕು. ನ್ಯಾಯಾಧೀಶರ ಮುಂದೆ ನಿಂತು ವಾದ ಮಾಡುವುದು ಬ್ಯಾರಿಸ್ಟರ್. ಒಬ್ಬರ ಬಲ ಕಾಗದದಲ್ಲಿ, ಇನ್ನೊಬ್ಬರ ಬಲ ಮಾತಿನಲ್ಲಿ. ಕಾಗದ ಸರಿ ಇಲ್ಲದಿದ್ದರೆ ಎಂಥ ಮಾತುಗಾರನೂ ಸೋಲುತ್ತಾನೆ.

ಲಂಡನ್ನಿನ ಮಿಡ್ಲ್ ಟೆಂಪಲ್‌ನಲ್ಲಿ ಕಾನೂನು ಕಲಿಯುತ್ತಿದ್ದಾಗ ಬದ್ರುದ್ದೀನರ ಕಣ್ಣು ಕೆಟ್ಟಿತು. 1864ರಲ್ಲಿ ಓದು ನಿಲ್ಲಿಸಿ ಊರಿಗೆ ಬರಬೇಕಾಯಿತು. ಅಲ್ಲಿಗೇ ಕೈಬಿಡಲಿಲ್ಲ. ಮರುವರ್ಷ ಮತ್ತೆ ಹೋಗಿ ಓದು ಮುಗಿಸಿದರು. 1867ರಲ್ಲಿ ಮುಂಬೈ ಹೈಕೋರ್ಟಿನ ಮೊದಲ ಭಾರತೀಯ ಬ್ಯಾರಿಸ್ಟರ್ ಆದರು. ಅಲ್ಲಿಯವರೆಗೆ ಆ ಜಾಗದಲ್ಲಿ ಇಂಗ್ಲಿಷರದ್ದೇ ಕಾರುಬಾರು.

ದುಡಿಮೆ ಒಂದು ಹಂತಕ್ಕೆ ಬಂದ ಮೇಲೆ ಸಮುದಾಯದ ಕಡೆಗೂ ನೋಡಿದರು. 1874ರಲ್ಲಿ ಅಂಜುಮನ್ ಇಸ್ಲಾಂ ಸ್ಥಾಪಿಸಿದವರಲ್ಲಿ ಅಣ್ಣ ತಮ್ಮ ಇಬ್ಬರೂ ಇದ್ದರು. ಮುಂಬೈಯಲ್ಲಿ ದುಡಿದ ನಮ್ಮವರು ಬೋರಿಬಂದರ್ ಸ್ಟೇಷನ್ ಎದುರಿನ ಅಂಜುಮನ್ ಕಟ್ಟಡ ನೋಡಿರುತ್ತಾರೆ. ಹೆಣ್ಣುಮಕ್ಕಳ ಓದಿಗೂ ಅವರು ಬೆಂಬಲ ಕೊಟ್ಟರು. 1887ರಲ್ಲಿ ಮದ್ರಾಸಿನಲ್ಲಿ ನಡೆದ ಕಾಂಗ್ರೆಸ್ಸಿನ ಮೂರನೇ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಮುಸ್ಲಿಮರಲ್ಲಿ ಆ ಸ್ಥಾನಕ್ಕೆ ಬಂದ ಮೊದಲಿಗರು.

1895ರಲ್ಲಿ ಅವರು ಮುಂಬೈ ಹೈಕೋರ್ಟಿನ ನ್ಯಾಯಾಧೀಶರಾದರು. ವಕೀಲನಾದವನು ಒಂದು ಪಕ್ಷದ ಪರ ಮಾತಾಡಬಹುದು, ಮಾತಾಡಲೇಬೇಕು. ನ್ಯಾಯಾಧೀಶನಿಗೆ ಪಕ್ಷ ಇಲ್ಲ. ಈ ವ್ಯತ್ಯಾಸದ ಪರೀಕ್ಷೆ 1897ರಲ್ಲಿ ಬಂತು. ಕೇಸರಿ ಪತ್ರಿಕೆಯ ಬರಹಗಳಿಗಾಗಿ ಬಾಲಗಂಗಾಧರ ತಿಲಕರ ಮೇಲೆ ಸರಕಾರ ರಾಜದ್ರೋಹದ ಕೇಸು ಹಾಕಿತು. ಜಾಮೀನಿನ ಅರ್ಜಿ ಮೊದಲು ಬೇರೆಡೆ ತಿರಸ್ಕಾರವಾಗಿತ್ತು. ಕೊನೆಗೆ ತಯ್ಯಬ್ಜಿಯವರ ಮುಂದೆ ಬಂತು. ತಿಲಕರ ಪರ ವಾದ ಮಾಡಿದವರು ಬ್ಯಾರಿಸ್ಟರ್ ದಿನ್ಶಾ ದಾವರ್. ಜಾಮೀನು ಎಂದರೆ ಶಿಕ್ಷೆಯ ಮಾತಲ್ಲ, ಆರೋಪಿ ವಿಚಾರಣೆಗೆ ಬರುತ್ತಾನೋ ಇಲ್ಲವೋ ಎಂಬ ಮಾತು. ತಯ್ಯಬ್ಜಿ ಅದನ್ನೇ ನೋಡಿ ಜಾಮೀನು ಕೊಟ್ಟರು. ಸರಕಾರದ ಸಂಬಳ ಪಡೆಯುತ್ತಿದ್ದರೂ ಸರಕಾರದ ಮುಖ ನೋಡಲಿಲ್ಲ. ಮುಖ್ಯ ವಿಚಾರಣೆ ನಡೆಸಿದ್ದು ಇನ್ನೊಬ್ಬ ನ್ಯಾಯಾಧೀಶರು. ಅದರಲ್ಲಿ ತಿಲಕರಿಗೆ 18 ತಿಂಗಳ ಶಿಕ್ಷೆಯಾಯಿತು.

ಹನ್ನೊಂದು ವರ್ಷ ಕಳೆದು, 1908ರಲ್ಲಿ ತಿಲಕರ ಮೇಲೆ ಮತ್ತೆ ಅಂಥದ್ದೇ ಕೇಸು ಬಂತು. ಆಗ ನ್ಯಾಯಪೀಠದಲ್ಲಿ ಕೂತಿದ್ದವರು, ಹಿಂದೆ ಅವರ ಪರ ವಾದಿಸಿದ್ದ ಅದೇ ದಾವರ್. ಅವರು ಜಾಮೀನು ಕೊಡಲಿಲ್ಲ, 6 ವರ್ಷಗಳ ಗಡೀಪಾರು ವಿಧಿಸಿದರು. ಕಾನೂನಿನ ಪುಸ್ತಕ ಒಂದೇ ಇರಬಹುದು. ಕುರ್ಚಿಯಲ್ಲಿ ಕೂತವರು ಯಾರು ಎಂಬುದೂ ಮುಖ್ಯವಾಗ್ತದೆ.

ತಯ್ಯಬ್ಜಿ ಕೆಲಕಾಲ ಹಂಗಾಮಿ ಮುಖ್ಯ ನ್ಯಾಯಾಧೀಶರೂ ಆಗಿದ್ದರು. 1906ರ ಆಗಸ್ಟ್ 19ರಂದು ಲಂಡನ್ನಿನಲ್ಲಿ ತೀರಿಕೊಂಡರು.

1961ರ ಅಡ್ವೊಕೇಟ್ಸ್ ಕಾಯ್ದೆ ಬಂದ ಮೇಲೆ ಬ್ಯಾರಿಸ್ಟರ್, ಪ್ಲೀಡರ್ ಎಂಬ ಭೇದ ಹೋಗಿ ಎಲ್ಲರೂ ಅಡ್ವೊಕೇಟ್ ಆದರು. ಆದರೆ ಕೆಲಸದ ಭೇದ ಹೋಗಲಿಲ್ಲ. ಜಾಗದ ಕೇಸಿನಲ್ಲಿ ಪಳಗಿದವರು ಕ್ರಿಮಿನಲ್ ಕೇಸಿನಲ್ಲಿ ಪಳಗಿರಬೇಕೆಂದಿಲ್ಲ. ತಲಾಖ್, ಜೀವನಾಂಶ, ಮೀರಾಸಿನ ಪಾಲು ಇದಕ್ಕೆ ಬೇರೆಯೇ ಅನುಭವ ಬೇಕು. ಸರಕಾರದ ಪರ ನಿಲ್ಲುವ ಪಬ್ಲಿಕ್ ಪ್ರಾಸಿಕ್ಯೂಟರ್ ಬೇರೆ, ಕಾಗದಕ್ಕೆ ಮುದ್ರೆ ಹಾಕುವ ನೋಟರಿ ಬೇರೆ. ವಕಾಲತ್ತಿಗೆ ಸಹಿ ಹಾಕುವ ಮೊದಲು ಇದನ್ನು ಕೇಳಿ ತಿಳಿಯುವುದರಲ್ಲಿ ನಾಚಿಕೆ ಏನೂ ಇಲ್ಲ. ಹಣ ಇಲ್ಲವೆಂದು ಹೆಣ್ಣುಮಕ್ಕಳು ಹಕ್ಕು ಬಿಟ್ಟುಕೊಡಬೇಕಾಗಿಯೂ ಇಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಉಚಿತವಾಗಿ ವಕೀಲರನ್ನು ಕೊಡುವ ವ್ಯವಸ್ಥೆ ಉಂಟು.

ಪಿಯುಸಿ ಮುಗಿಸಿದ ಮಕ್ಕಳಿಗೆ ನಾವು ಹೇಳುವುದು ಡಾಕ್ಟರ್, ಇಂಜಿನಿಯರ್, ಇಲ್ಲದಿದ್ದರೆ ಗಲ್ಫ್. ಪಿಯುಸಿ ಆದ ಮೇಲೆ ಐದು ವರ್ಷದ ಕಾನೂನು ಪದವಿಯೂ ಉಂಟು. ಮಾತು ಚೆನ್ನಾಗಿ ಆಡುವ ಮಗುವಿಗೆ ಅಲ್ಲಿ ಜಾಗ ಉಂಟು, ಮಾತು ಕಡಿಮೆಯಾಗಿ ಬರವಣಿಗೆ ಚೊಕ್ಕ ಇರುವ ಮಗುವಿಗೂ ಉಂಟು. ಖಮರುದ್ದೀನ್, ಬದ್ರುದ್ದೀನ್ ಇಬ್ಬರೂ ಒಂದೇ ಮನೆಯ ಮಕ್ಕಳು. ಇಬ್ಬರಿಗೂ ಬೇರೆ ಬೇರೆ ದಾರಿ ಸಿಕ್ಕಿತು, ಏಕೆಂದರೆ ಅವರ ಬಾಪ ಇಬ್ಬರನ್ನೂ ಓದಿಸಿದರು.