ಮುದುವೊಳಲಿನ ರನ್ನನೂ ಕಥಾರಚನೆಯ ಕೌಶಲವೂ

ನಮ್ಮ ಕಾದಂಬರಿಕಾರರಲ್ಲಿ ಹಲವರು ನಾಯಕನ ಜನನದಿಂದ ಕಥೆಯನ್ನಾರಂಭಿಸಿ, ವಿದ್ಯಾಭ್ಯಾಸ ವಿವಾಹಾದಿಗಳನ್ನು ಒಂದೊಂದಾಗಿ ದಾಟಿ, ತಿರುಳಿಗೆ ಬರುವಷ್ಟರಲ್ಲಿ ವಾಚಕರ ತಾಳ್ಮೆಯನ್ನೆಲ್ಲ ತೀರಿಸಿಬಿಟ್ಟಿರುತ್ತಾರೆ. ಈ ದೋಷಕ್ಕೆ ಮದ್ದನ್ನು ಪಾಶ್ಚಾತ್ಯ ಗ್ರಂಥಗಳಲ್ಲಿ ಅರಸುವವರು ಒಮ್ಮೆ ಮುಧೋಳದ ಕಡೆಗೆ ಕಣ್ಣು ತಿರುಗಿಸುವುದು ಲೇಸು.

ರನ್ನನು ಜನಿಸಿದುದು ಕ್ರಿಸ್ತಶಕ 949ರಲ್ಲಿ. ಬೆಳುಗಲಿ ನಾಡಿನ ಜಂಬುಖಂಡಿ ಎಪ್ಪತ್ತಕ್ಕೆ ಸೇರಿದ ಮುದುವೊಳಲು ತನ್ನ ಹುಟ್ಟೂರೆಂದು ಆತನೇ ತಿಳಿಸಿದ್ದಾನೆ. ಜಂಬುಖಂಡಿಯೆಂದರೆ ಇಂದಿನ ಜಮಖಂಡಿ, ಮುದುವೊಳಲೇ ಮುಧೋಳ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಕುಲವೃತ್ತಿ ಬಳೆಯ ವ್ಯಾಪಾರ. ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗಬೇಕಾಗಿದ್ದ ಹುಡುಗನು ವಿದ್ಯೆಯನ್ನರಸಿ ಶ್ರವಣಬೆಳಗೊಳದವರೆಗೂ ಹೋದನು. ಅಲ್ಲಿ ಅಜಿತಸೇನಾಚಾರ್ಯರು ಗುರುಗಳಾದರು. ಗಂಗರ ಮಂತ್ರಿ ಚಾವುಂಡರಾಯನು ಆಶ್ರಯವಿತ್ತನು. ಮುಂದೆ ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿಯೆಂಬ ಬಿರುದು ದೊರೆಯಿತು. ದಾನಚಿಂತಾಮಣಿ ಅತ್ತಿಮಬ್ಬೆಯ ಪೋಷಣೆಯಲ್ಲಿ 993ರಲ್ಲಿ ಅಜಿತಪುರಾಣವು ಮುಗಿಯಿತು. ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟು ಉಪಕಾರಿಗಳನ್ನು ಮನೆಯೊಳಗೇ ನೆನೆದವನೀತ.

ಆದರೆ ಕಥಾರಚನೆಯ ವಿಷಯದಲ್ಲಿ ನಮಗೆ ಬೇಕಾದುದು ಗದಾಯುದ್ಧ. ಹತ್ತು ಆಶ್ವಾಸಗಳ ಈ ಕಾವ್ಯಕ್ಕೆ ವಸ್ತು ಭಾರತಯುದ್ಧದ ಕಡೆಯ ದಿನವೊಂದೇ. ಉಳಿದ ಭಾರತವೆಲ್ಲವೂ ಸಿಂಹಾವಲೋಕನ ಕ್ರಮದಿಂದ ಅದರೊಳಗೆ ಬಂದು ಸೇರಿದೆ. ಸಿಂಹವು ಮುಂದೆ ನಡೆಯುತ್ತಲೇ ಆಗಾಗ ಹಿಂದಿರುಗಿ ನೋಡುವಂತೆ. ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ಹೆಜ್ಜೆಯಿಡುತ್ತಾನೆ. ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ — ಒಬ್ಬೊಬ್ಬರ ಬಳಿ ನಿಂತಾಗಲೂ ಹಿಂದಿನದೊಂದು ಕಥೆ ಅವನ ದುಃಖದ ಬಾಯಿಂದಲೇ ಹೊರಡುತ್ತದೆ. ಕವಿಯು ಕಥೆಯನ್ನು ತಡೆದು ನಿಲ್ಲಿಸಿ ಪೂರ್ವವೃತ್ತಾಂತವನ್ನು ಬೋಧಿಸುವುದಿಲ್ಲ. ಅನಂತರ ಶರಶಯ್ಯೆಯ ಭೀಷ್ಮ, ವೈಶಂಪಾಯನ ಸರೋವರ, ಭೀಮನ ಗರ್ಜನೆ, ಗದೆಗಳ ಹೊಡೆತ; ಎಲ್ಲವೂ ಒಂದೇ ಇಳಿಜಾರಿನಲ್ಲಿ ಉರುಳಿದಂತೆ. ಪಂಪಭಾರತಕ್ಕೂ ಭಟ್ಟನಾರಾಯಣನ ವೇಣೀಸಂಹಾರಕ್ಕೂ ರನ್ನನು ಋಣಿಯೇ ಸರಿ. ಕಟ್ಟಡ ಮಾತ್ರ ಅವನದು. ಬಿ. ಎಂ. ಶ್ರೀಕಂಠಯ್ಯನವರು ಇದನ್ನು ಗದಾಯುದ್ಧ ನಾಟಕವಾಗಿ ಅಳವಡಿಸಿದುದು ಇದರ ನಾಟಕೀಯ ಬಂಧಕ್ಕೆ ಸಾಕ್ಷಿಯಾಗಿದೆ.

ಇದು ಅರಮನೆಯ ಹೊಗಳಿಕೆಯಲ್ಲವೇ ಎಂದು ಕೇಳುವವರುಂಟು. ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿ ಬರೆದುದು ನಿಜ. ಹಾಗಿದ್ದೂ ಓದುಗನ ಕರುಳು ಹೋಗುವುದು ತೊಡೆಮುರಿದು ಬಿದ್ದ ಕೌರವನ ಕಡೆಗೆ. ಸೋಲುವವನೊಡನೆ ನಮ್ಮನ್ನು ಅಷ್ಟು ದೂರ ನಡೆಯಿಸಿದ ಮೇಲೆ ಬೇರೇನಾದೀತು? ರಾಜನಿಗೆ ಸಲ್ಲಬೇಕಾದುದನ್ನು ಸಲ್ಲಿಸಿ, ಕಥೆಗೆ ಸಲ್ಲಬೇಕಾದುದನ್ನೂ ಕವಿಯು ಉಳಿಸಿಕೊಂಡನೆಂದೇ ನಮ್ಮ ಅಭಿಪ್ರಾಯ.

ಘೋರ್ಪಡೆಯವರ ಮುಧೋಳ, ಪಟವರ್ಧನರ ಜಮಖಂಡಿಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಅಲ್ಲಿಯ ದರಬಾರುಗಳಲ್ಲಿ ಮರಾಠಿಯದೇ ಮೇಲುಗೈ. ಅದೇ ಸೀಮೆಯ ಬೆಳಗಲಿಯು ಇಂದು ರನ್ನ ಬೆಳಗಲಿಯೆಂದು ಕರೆಯಿಸಿಕೊಳ್ಳುತ್ತಿದೆ.