ಬ್ರೂಸ್ ಫೂಟರು ಓದಿದ ಬಂಡೆಗಳು

ಭೂವಿಜ್ಞಾನವನ್ನಭ್ಯಸಿಸುವ ನಮ್ಮ ತರುಣರಿಗೆ ರಾಬರ್ಟ್ ಬ್ರೂಸ್ ಫೂಟರ ಜೀವನವು ಸ್ಮರಣೀಯವಾದುದು. 1834ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಇವರು 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿ, 1891ರವರೆಗೂ ದಕ್ಷಿಣದೇಶವನ್ನು ಸುತ್ತಿ ಅಲ್ಲಿನ ಶಿಲೆಗಳನ್ನು ಪರೀಕ್ಷಿಸಿದರು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಇವರಿಗೆ ದೊರೆತ ಕಲ್ಲಿನ ಆಯುಧವು ಈ ದೇಶದಲ್ಲಿ ಮಾನವವಾಸದ ಅತಿಪ್ರಾಚೀನತೆಗೆ ಸಾಕ್ಷಿಯಾಯಿತು. ಕನ್ನಡನಾಡಿನ ಚಿನ್ನಕ್ಕೂ ಕಬ್ಬಿಣಕ್ಕೂ ಆಕರವಾದ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನಿತ್ತವರೂ ಇವರೇ. 1912ರಲ್ಲಿ ಇವರು ಕಾಲವಾದರು.

ಬಯಲೇ ಇವರ ಪಾಠಶಾಲೆಯಾಗಿದ್ದಿತು. ಪರದೇಶದಿಂದ ಬಂದವರು ನಮ್ಮ ಬಂಡೆಗಳನ್ನು ಹೀಗೆ ಓದಿರಲು, ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟವು ಬೆಂಗಳೂರಿಗೆ ಅನತಿದೂರದಲ್ಲಿಯೇ ಇರುವಾಗ, ನಮ್ಮ ವಿದ್ಯಾರ್ಥಿಗಳು ಶಿಲೆಗಳನ್ನು ಪುಸ್ತಕದಲ್ಲಿ ಮಾತ್ರ ಕಾಣುವುದು ಯುಕ್ತವೇ? ಕಾಲೇಜುಗಳು ಸುತ್ತಿಗೆ, ದಿಕ್ಸೂಚಿಗಳನ್ನು ಅವರ ಕೈಗಿತ್ತು ಬೆಟ್ಟಗಳಿಗೆ ಕಳುಹಿಸಲಿ. ನೆಲವನ್ನರಿಯದವನ ಪದವಿಯು ಅವನ ಉದ್ಯೋಗಕ್ಕೂ ದೇಶಕ್ಕೂ ಉಪಯುಕ್ತವಾಗಲಾರದು.