ವಿಲಿಯಂ ವಿಲ್ಬರ್‌ಫೋರ್ಸ್

ವಿಲಿಯಂ ವಿಲ್ಬರ್‌ಫೋರ್ಸ್ (24 ಆಗಸ್ಟ್ 1759 – 29 ಜುಲೈ 1833) ಇಂಗ್ಲೆಂಡಿನ ಸಂಸತ್ ಸದಸ್ಯರು ಹಾಗೂ ಸಮಾಜ ಸುಧಾರಕರು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಹೋರಾಟಕ್ಕೆ ಅವರು ಸಂಸತ್ತಿನಲ್ಲಿ ನೇತೃತ್ವ ವಹಿಸಿದ್ದರು. ಕ್ರೈಸ್ತ ಧರ್ಮದಲ್ಲಿನ ಗಾಢವಾದ ಶ್ರದ್ಧೆಯೇ ಈ ಹೋರಾಟಕ್ಕೆ ಪ್ರೇರಣೆಯಾಗಿತ್ತು.

ಬಾಲ್ಯ ಮತ್ತು ಶಿಕ್ಷಣ

ವಿಲ್ಬರ್‌ಫೋರ್ಸ್ ಯಾರ್ಕ್‌ಷೈರ್ ಪ್ರಾಂತ್ಯದ ಹಲ್ ಎಂಬ ಬಂದರು ಪಟ್ಟಣದಲ್ಲಿ ಶ್ರೀಮಂತ ವರ್ತಕರ ಮನೆತನದಲ್ಲಿ ಜನಿಸಿದರು. 1768ರಲ್ಲಿ ತಂದೆ ರಾಬರ್ಟ್ ತೀರಿಕೊಂಡ ಬಳಿಕ ಕೆಲಕಾಲ ವಿಂಬಲ್ಡನ್‌ನಲ್ಲಿ ಬಂಧುಗಳ ಆಶ್ರಯದಲ್ಲಿ ಬೆಳೆದರು. ಆ ಮನೆಯಲ್ಲಿದ್ದ ಮೆಥಡಿಸ್ಟ್ ಪಂಥದ ಪ್ರಭಾವವನ್ನು ಒಪ್ಪದ ತಾಯಿ ಅವರನ್ನು ಮರಳಿ ಹಲ್‌ಗೆ ಕರೆಸಿಕೊಂಡರು. ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಓದುವಾಗ, ಮುಂದೆ ಪ್ರಧಾನಿಯಾದ ವಿಲಿಯಂ ಪಿಟ್ ಅವರ ಪರಿಚಯವಾಯಿತು. 1780ರಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ, ಹಲ್ ಕ್ಷೇತ್ರದಿಂದ ಹೌಸ್ ಆಫ್ ಕಾಮನ್ಸ್‌ಗೆ ಆಯ್ಕೆಯಾದರು. 1784ರಲ್ಲಿ ಯಾರ್ಕ್‌ಷೈರ್‌ನ ಪ್ರತಿನಿಧಿಯಾದರು.

ಧಾರ್ಮಿಕ ಪರಿವರ್ತನೆ

ಯುವ ವಿಲ್ಬರ್‌ಫೋರ್ಸ್ ಜೂಜು, ಔತಣಕೂಟಗಳಲ್ಲಿ ಆಸಕ್ತರಾಗಿದ್ದರು. 1784–85ರಲ್ಲಿ ಐಸಾಕ್ ಮಿಲ್ನರ್ ಅವರೊಡನೆ ಯೂರೋಪಿನಲ್ಲಿ ಪ್ರವಾಸ ಮಾಡುವಾಗ ನಡೆಸಿದ ಧಾರ್ಮಿಕ ಗ್ರಂಥಗಳ ಅಧ್ಯಯನ ಅವರ ಬದುಕಿನ ದಿಕ್ಕನ್ನು ಬದಲಿಸಿತು. ರಾಜಕೀಯವನ್ನು ತೊರೆಯಬೇಕೇ ಎಂಬ ಗೊಂದಲದಲ್ಲಿ ಅವರು ಜಾನ್ ನ್ಯೂಟನ್ ಅವರನ್ನು ಕಂಡರು. ನ್ಯೂಟನ್ ಹಿಂದೆ ಗುಲಾಮರ ಹಡಗಿನ ಕಪ್ತಾನರಾಗಿದ್ದು ನಂತರ ಪಾದ್ರಿಯಾದವರು. ಸಂಸತ್ತಿನಲ್ಲಿದ್ದೇ ದೇವರ ಸೇವೆ ಮಾಡಬಹುದೆಂಬ ಅವರ ಸಲಹೆಯನ್ನು ವಿಲ್ಬರ್‌ಫೋರ್ಸ್ ಸ್ವೀಕರಿಸಿದರು.

ಗುಲಾಮರ ವ್ಯಾಪಾರದ ವಿರುದ್ಧ ಹೋರಾಟ

ಆ ಕಾಲದಲ್ಲಿ ಬ್ರಿಟಿಷ್ ಹಡಗುಗಳು ಪಶ್ಚಿಮ ಆಫ್ರಿಕಾದಿಂದ ಜನರನ್ನು ಸಂಕೋಲೆ ತೊಡಿಸಿ ವೆಸ್ಟ್ ಇಂಡೀಸ್‌ನ ಕಬ್ಬಿನ ತೋಟಗಳಿಗೆ ಸಾಗಿಸುತ್ತಿದ್ದವು. ಕಿಕ್ಕಿರಿದ ಹಡಗುಗಳಲ್ಲಿ ಅನೇಕರು ದಾರಿಯಲ್ಲೇ ಸಾಯುತ್ತಿದ್ದರು. 1787ರಲ್ಲಿ ಕ್ವೇಕರ್ ಪಂಥದವರು, ಥಾಮಸ್ ಕ್ಲಾರ್ಕ್‌ಸನ್, ಗ್ರಾನ್‌ವಿಲ್ ಶಾರ್ಪ್ ಮೊದಲಾದವರು ಈ ವ್ಯಾಪಾರದ ನಿಷೇಧಕ್ಕಾಗಿ ಸಮಿತಿಯೊಂದನ್ನು ರಚಿಸಿದರು. ಕ್ಲಾರ್ಕ್‌ಸನ್ ಬಂದರುಗಳಲ್ಲಿ ಅಲೆದು ಸಾಕ್ಷ್ಯ ಸಂಗ್ರಹಿಸಿದರೆ, ವಿಲ್ಬರ್‌ಫೋರ್ಸ್ ಅದನ್ನು ಸಂಸತ್ತಿನ ಮುಂದಿಟ್ಟರು. ಗುಲಾಮಗಿರಿಯನ್ನು ಸ್ವತಃ ಅನುಭವಿಸಿದ್ದ ಒಲೌಡಾ ಎಕ್ವಿಯಾನೊ 1789ರಲ್ಲಿ ಪ್ರಕಟಿಸಿದ ಆತ್ಮಕಥೆಯೂ ಜನಾಭಿಪ್ರಾಯವನ್ನು ರೂಪಿಸಿತು.

1789ರ ಮೇ 12ರಂದು ವಿಲ್ಬರ್‌ಫೋರ್ಸ್ ಈ ವಿಷಯದ ಬಗ್ಗೆ ಸುದೀರ್ಘ ಭಾಷಣ ಮಾಡಿದರು. ವರ್ತಕರನ್ನಷ್ಟೇ ದೂಷಿಸದೆ, ಈ ಪಾಪದಲ್ಲಿ ಇಡೀ ಸಂಸತ್ತು ಪಾಲುದಾರನೆಂದು ವಾದಿಸಿದರು. ಆದರೆ 1791ರಲ್ಲಿ ಅವರ ಪ್ರಸ್ತಾಪ 163–88 ಮತಗಳಿಂದ ಬಿದ್ದುಹೋಯಿತು. 1792ರಲ್ಲಿ ವ್ಯಾಪಾರವನ್ನು ಹಂತಹಂತವಾಗಿ ನಿಲ್ಲಿಸಲು ಕಾಮನ್ಸ್ ಒಪ್ಪಿದರೂ ಮೇಲ್ಮನೆ ಅದನ್ನು ಜಾರಿಗೆ ಬರಗೊಡಲಿಲ್ಲ. ಫ್ರಾನ್ಸ್‌ನೊಡನೆ ಯುದ್ಧ ಆರಂಭವಾದ ಮೇಲೆ ಸುಧಾರಣೆಯ ಮಾತನ್ನೇ ಸಂಶಯದಿಂದ ಕಾಣಲಾಯಿತು. 1796ರ ಮಸೂದೆಯು ಕೇವಲ 4 ಮತಗಳಿಂದ ಸೋತಿತು. ಅನಾರೋಗ್ಯವೂ ಅವರನ್ನು ಕಾಡುತ್ತಿತ್ತು. ಆದರೂ ಫಲಿತಾಂಶ ದೇವರಿಗೆ ಸೇರಿದ್ದು, ಪ್ರಯತ್ನ ತಮ್ಮ ಕರ್ತವ್ಯವೆಂದು ನಂಬಿ ಮತ್ತೆ ಮತ್ತೆ ಮಸೂದೆ ಮಂಡಿಸಿದರು. ಕೊನೆಗೆ 1807ರ ಫೆಬ್ರವರಿಯಲ್ಲಿ ಕಾಮನ್ಸ್ 283–16 ಮತಗಳಿಂದ ನಿಷೇಧವನ್ನು ಬೆಂಬಲಿಸಿತು. ಮಾರ್ಚ್ 25ರಂದು ಮಸೂದೆಗೆ ರಾಜನ ಅಂಕಿತ ದೊರೆಯಿತು.

ಗುಲಾಮಗಿರಿಯ ರದ್ದತಿ ಮತ್ತು ನಿಧನ

1807ರ ಕಾಯ್ದೆ ವ್ಯಾಪಾರವನ್ನು ನಿಲ್ಲಿಸಿತೇ ಹೊರತು, ಈಗಾಗಲೇ ಗುಲಾಮರಾಗಿದ್ದವರನ್ನು ಬಿಡುಗಡೆ ಮಾಡಲಿಲ್ಲ. ಆ ಗುರಿಗಾಗಿ 1823ರಲ್ಲಿ ಹೊಸ ಸಂಘ ಸ್ಥಾಪನೆಯಾಯಿತು. 1825ರಲ್ಲಿ ವಿಲ್ಬರ್‌ಫೋರ್ಸ್ ಸಂಸತ್ತಿನಿಂದ ನಿವೃತ್ತರಾದರು. ಥಾಮಸ್ ಫೊವೆಲ್ ಬಕ್ಸ್‌ಟನ್ ಹೋರಾಟವನ್ನು ಮುಂದುವರಿಸಿದರು. 1833ರ ಜುಲೈ 26ರಂದು ವಿಮೋಚನಾ ಮಸೂದೆ ಕಾಮನ್ಸ್‌ನಲ್ಲಿ ಅಂಗೀಕಾರವಾಗುವುದು ಖಚಿತವೆಂಬ ಸುದ್ದಿ ರೋಗಶಯ್ಯೆಯಲ್ಲಿದ್ದ ಅವರಿಗೆ ತಲುಪಿತು. ಮೂರು ದಿನಗಳ ನಂತರ ಅವರು ನಿಧನರಾದರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ಗೆಳೆಯ ಪಿಟ್ ಅವರ ಸಮಾಧಿಯ ಸಮೀಪ, ಅವರನ್ನು ಸಮಾಧಿ ಮಾಡಲಾಯಿತು.

ಮೌಲ್ಯಮಾಪನ

1833ರ ಕಾಯ್ದೆಯಿಂದ ಸುಮಾರು 8 ಲಕ್ಷ ಜನರ ಬಿಡುಗಡೆಗೆ ದಾರಿಯಾಯಿತು. ಆದರೆ 2 ಕೋಟಿ ಪೌಂಡ್ ಪರಿಹಾರ ದೊರೆತದ್ದು ಮಾಲೀಕರಿಗೆ. ಗುಲಾಮರಾಗಿದ್ದವರಿಗೆ ಏನೂ ದೊರೆಯಲಿಲ್ಲ. ಅವರಲ್ಲಿ ಬಹುಪಾಲು ಜನರು 1838ರವರೆಗೆ ಹಳೆಯ ಮಾಲೀಕರಲ್ಲೇ ದುಡಿಯಬೇಕಾಯಿತು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಪ್ರದೇಶಗಳಿಗೆ ಈ ಕಾಯ್ದೆ ಅನ್ವಯಿಸಲಿಲ್ಲ. ಭಾರತದಲ್ಲಿ ಗುಲಾಮಗಿರಿಯ ವಿರುದ್ಧ ಕಾನೂನು ಬಂದದ್ದು 1843ರಲ್ಲಿ.

ವಿಲ್ಬರ್‌ಫೋರ್ಸ್ ಸ್ವದೇಶದ ಕಾರ್ಮಿಕರು ಸಂಘಟಿತರಾಗುವುದನ್ನು ತಡೆಯುವ ಕಾನೂನನ್ನು ಬೆಂಬಲಿಸಿದ್ದರು. 1813ರಲ್ಲಿ ಭಾರತಕ್ಕೆ ಮಿಷನರಿಗಳ ಪ್ರವೇಶಕ್ಕಾಗಿ ವಾದಿಸುವಾಗ ಹಿಂದೂ ಧರ್ಮವನ್ನು ಕಟುವಾಗಿ ನಿಂದಿಸಿದ್ದರು. ಈ ಕಾರಣಗಳಿಗಾಗಿ ಅವರು ಟೀಕೆಗೂ ಒಳಗಾಗಿದ್ದಾರೆ. ಅವರನ್ನು ಕರುಣೆಯಿಲ್ಲದ ವ್ಯಾಪಾರದ ವಿರುದ್ಧ ನಿಲ್ಲಿಸಿದ ಶ್ರದ್ಧೆಯೇ ಅನ್ಯಧರ್ಮಗಳ ಬಗೆಗಿನ ಅವರ ದೃಷ್ಟಿಯನ್ನು ಸಂಕುಚಿತಗೊಳಿಸಿತು. ಆದಾಗ್ಯೂ, ಲಾಭದಾಯಕವಾದ ಅನ್ಯಾಯವೊಂದನ್ನು ಕಾನೂನಿನ ಮಾರ್ಗದಿಂದ ಕೊನೆಗಾಣಿಸಲು ಎರಡು ದಶಕಗಳ ಕಾಲ ಸೋಲನ್ನು ಸಹಿಸಿದವರೆಂದು ಇತಿಹಾಸ ಅವರನ್ನು ಸ್ಮರಿಸುತ್ತದೆ.